ಸೋನಾಫ್ ಆರ್‌ಎಫ್ ಬ್ರಿಜ್‌ಗೆ ಟಾಸ್ಮೋಟಾ ಹಾಕುವ ಕ್ರಮ

ಸೋನಾಫ್ ಆರ್‌ಎಫ್ ಬ್ರಿಜ್ 433 ಮೆಗಾಹರ್ಟ್ಜ್ ರಿಮೋಟು ಮತ್ತು ಸೆನ್ಸರ್‌ಗಳ ಸಂಕೇತವನ್ನು ವೈಫೈಗೆ ದಾಟಿಸುತ್ತದೆ. ಆದರೆ ಅದರ ಮೂಲ ಫರ್ಮ್‌ವೇರ್, ಅಂದರೆ ಸಾಧನದೊಳಗಿನ ತಂತ್ರಾಂಶ, ತಯಾರಕರ ಕ್ಲೌಡ್ ಅನ್ನು ನೆಚ್ಚಿಕೊಂಡಿದೆ. ಧಾರವಾಡದ ಮಳೆಗಾಲದಲ್ಲಿ ಇಂಟರ್ನೆಟ್ ಕಡಿದರೂ ಗೇಟಿನ ಸೆನ್ಸರ್ ಕೆಲಸ ಮಾಡಬೇಕೆನ್ನುವವರಿಗೆ, ಮನೆಯ ಎಂಕ್ಯುಟಿಟಿ ಸರ್ವರ್‌ನೊಂದಿಗೆ (ಸಾಧನಗಳ ನಡುವೆ ಸಂದೇಶ ಸಾಗಿಸುವ ಸರ್ವರ್) ನೇರವಾಗಿ ವ್ಯವಹರಿಸುವ ಟಾಸ್ಮೋಟಾ ಎಂಬ ಬದಲಿ ಫರ್ಮ್‌ವೇರ್ ಉತ್ತಮ ಆಯ್ಕೆ.

ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬ್ರಿಜ್ಜನ್ನು ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಕೊಳ್ಳುವಾಗ 3.3 ವೋಲ್ಟ್ ಜಂಪರ್ ಇರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ 5 ವೋಲ್ಟ್ ಕೊಟ್ಟರೆ ಬ್ರಿಜ್‌ನ ಮುಖ್ಯ ವೈಫೈ ಚಿಪ್ ಆದ ಇಎಸ್‌ಪಿ8285 ಸುಟ್ಟುಹೋಗಬಹುದು. ಬ್ರಿಜ್‌ನ ಸ್ವಂತ ಯುಎಸ್‌ಬಿ ತಂತಿಯನ್ನು ಕಿತ್ತಿಟ್ಟು, 3.3 ವೋಲ್ಟ್ ಹಾಗೂ ಗ್ರೌಂಡನ್ನು ನೇರವಾಗಿ, ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್‌ಗಳನ್ನು ಅದಲುಬದಲಾಗಿ ಜೋಡಿಸಿ.

ಇಲ್ಲಿ ಹೆಚ್ಚಿನವರು ಎಡವುವುದು ಬೋರ್ಡಿನ ಮೇಲಿನ ಪುಟ್ಟ ಸ್ಲೈಡ್ ಸ್ವಿಚ್‌ನಲ್ಲಿ. 433 ಮೆಗಾಹರ್ಟ್ಜ್ ಸಂಕೇತ ನೋಡಿಕೊಳ್ಳುವ ರೇಡಿಯೊ ಚಿಪ್ ಕೂಡ ಅದೇ ಸೀರಿಯಲ್ ತಂತುಗಳನ್ನು ಬಳಸುವುದರಿಂದ, ಆ ಸ್ವಿಚ್ಚನ್ನು ‘ಆಫ್’ ಕಡೆಗೆ ಸರಿಸಿ ರೇಡಿಯೊ ಚಿಪ್ಪನ್ನು ಬೇರ್ಪಡಿಸದ ಹೊರತು ಬರೆಯುವಿಕೆ ವಿಫಲವಾಗುತ್ತದೆ.

ಬಟನ್ ಒತ್ತಿ ಹಿಡಿದೇ ವಿದ್ಯುತ್ ಕೊಟ್ಟರೆ ಇಎಸ್‌ಪಿ8285 ಚಿಪ್ ಫ್ಲಾಶ್ ಸ್ಥಿತಿಗೆ, ಅಂದರೆ ಫರ್ಮ್‌ವೇರ್ ಬರೆಸಿಕೊಳ್ಳುವ ಸ್ಥಿತಿಗೆ, ಬರುತ್ತದೆ. ಕಂಪ್ಯೂಟರ್‌ನಿಂದ ಕೊಡುವ ಪ್ರತಿ ಆದೇಶಕ್ಕೂ ಮುನ್ನ ಹೀಗೆ ಮಾಡಿ. ಇಎಸ್‌ಪಿಟೂಲ್ ಎಂಬ ಕಂಪ್ಯೂಟರ್ ತಂತ್ರಾಂಶದಿಂದ ಮೂಲ ಫರ್ಮ್‌ವೇರ್‌ನ 1 ಎಂಬಿ ಪ್ರತಿಯನ್ನು ತಪ್ಪದೆ ಉಳಿಸಿಕೊಂಡು, ನಂತರ ಅಳಿಸಿ, ಟಾಸ್ಮೋಟಾ ಬಿನ್ ಕಡತವನ್ನು ಸೊನ್ನೆ ವಿಳಾಸದಿಂದ ಬರೆಯಿರಿ.

ಅಡಾಪ್ಟರ್ ತೆಗೆದು, ಸ್ವಿಚ್ಚನ್ನು ‘ಆನ್’ಗೆ ಮರಳಿಸಿ, ಯುಎಸ್‌ಬಿ ತಂತಿಯಿಂದ ಬ್ರಿಜ್ ಚಾಲೂ ಮಾಡಿ. ಟಾಸ್ಮೋಟಾ ಹೆಸರಿನ ವೈಫೈಗೆ ಸೇರಿ, ಬ್ರೌಸರ್‌ನಲ್ಲಿ 192.168.4.1 ವಿಳಾಸದಲ್ಲಿ ಮನೆಯ ವೈಫೈ ವಿವರ ತುಂಬಿದ ಮೇಲೆ, ಮಾಡ್ಯೂಲ್ 25, ಅಂದರೆ ಸೋನಾಫ್ ಬ್ರಿಜ್, ಆರಿಸಿ. ರಿಮೋಟ್ ಒತ್ತಿದಾಗ ಟಾಸ್ಮೋಟಾ ಪುಟದ ಕನ್ಸೋಲ್‌ನಲ್ಲಿ ‘ಆರ್‌ಎಫ್‌ರಿಸೀವ್ಡ್’ ಸಾಲು ಮೂಡಬೇಕು.

ಇನ್ನೂ ಹೆಚ್ಚಿನ ರಿಮೋಟ್‌ಗಳಿಗಾಗಿ ರೇಡಿಯೊ ಚಿಪ್‌ಗೆ ಪೋರ್ಟಿಶ್ ಎಂಬ ಬದಲಿ ಫರ್ಮ್‌ವೇರ್ ಹಾಕಬಯಸುವವರು ಮೊದಲು ಚಿಪ್ಪಿನ ಹೆಸರು ಓದಿಕೊಳ್ಳಿ: ಪೋರ್ಟಿಶ್ ಇಎಫ್‌ಎಂ8ಬಿಬಿ1 ಚಿಪ್‌ಗೆ ಮಾತ್ರ ಹೊಂದುತ್ತದೆ, ಹೊಸ ಬೋರ್ಡುಗಳ ಓಬಿ38ಎಸ್003ಗೆ ಅಲ್ಲ.