ಮೈಸೂರು ಶೈಲಿಯಲ್ಲಿ ಮಾರ್ಕೆಟ್ಟಿನ ಹೂವಮ್ಮನ್ನ ಬರೆದಿದ್ದು: ನನ್ನ ಅನುಭವ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಅಂದ್ರೆ ಎಲ್ರಿಗೂ ನೆನಪಾಗೋದು ರಾಜರಾಜೇಶ್ವರಿ, ರಾಮ ಪಟ್ಟಾಭಿಷೇಕ, ಚಿನ್ನದ ರೇಕು ಹಚ್ಚಿದ ಮಂಟಪ. ನಾನು ಕಲಿತಿದ್ದೂ ಅದನ್ನೇ, ಈಗ್ಲೂ ಬರೀತೀನಿ. ಆದ್ರೆ ಅದೇ ರೇಖೆ, ಅದೇ ಗೆಸ್ಸೋ (ಉಬ್ಬು ಕೆಲಸಕ್ಕೆ ಹಚ್ಚೋ ಬಿಳಿ ಪೇಸ್ಟು) ಇಟ್ಕೊಂಡು ದೇವರಾಜ ಮಾರ್ಕೆಟ್ಟಲ್ಲಿ ಮಲ್ಲಿಗೆ ಮಾರೋ ಹೆಂಗಸನ್ನ ಬರೀಬೇಕು ಅಂತ ತುಂಬಾ ದಿನದಿಂದ ತಲೇಲಿ ಕೂತಿತ್ತು, ಬರೆದ ಮೇಲೆ ಹೇಗ್ ಮಾಡಿದ್ರಿ ಅಂತ ಕೇಳ್ತಾನೇ ಇದಾರೆ, ಅದಕ್ಕೇ ಇದು.

ಸ್ಕೆಚ್ ತಗೊಂಡು ಮೊದ್ಲು ಮೇಷ್ಟ್ರ ಹತ್ರ ಹೋದೆ. "ಇವಳಿಗೆ ಚಿನ್ನ ಎಲ್ಲಿ ಹಚ್ತೀಯಮ್ಮ?" ಅಂದ್ರು. ಬೈದಿದ್ದಲ್ಲ, ನಿಜವಾಗ್ಲೂ ಕೇಳಿದ್ದು. ಇಡೀ ಚಿತ್ರ ನಿಂತಿರೋದೇ ಆ ಪ್ರಶ್ನೆ ಮೇಲೆ. ನಮ್ಮಲ್ಲಿ ಗೆಸ್ಸೋ ಕೆಲಸ ಮಾಡೋದು ಒಡವೆಗೆ, ಸೀರೆ ಅಂಚಿಗೆ, ಸಿಂಹಾಸನಕ್ಕೆ, ಕಮಾನಿಗೆ. ತಂಜಾವೂರಿನವರು ದಪ್ಪಗೆ ಎಬ್ಬಿಸಿ ಕಲ್ಲು ಕೂರಿಸ್ತಾರೆ, ನಮ್ದು ತೀರಾ ತೆಳು. ಈ ಹೂವಮ್ಮನ ಮೈಮೇಲೆ ಇರೋದು ಒಂದು ಮೂಗುಬೊಟ್ಟು, ಒಂದು ಸಿಂಥೆಟಿಕ್ ಸೀರೆ. ಇಲ್ಲದ ಒಡವೆ ಹಾಕಿ ದೇವಿ ಥರ ಮಾಡಿದ್ರೆ ಅವಳನ್ನ ನೋಡ್ದಂಗೇ ಆಗಲ್ಲ.

ತನ್ನ ಕಾಲದ ಮನುಷ್ಯರನ್ನ ಬರೆಯೋದು ಈ ಶೈಲಿಗೆ ಹೊಸದೇನಲ್ಲ. ಶ್ರೀತತ್ತ್ವನಿಧಿ ಅನ್ನೋ ಸಚಿತ್ರ ಗ್ರಂಥ ಮಾಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೇ ಸಂತಾನಾಂಬುಜ ಅನ್ನೋ ಚಿತ್ರ ನೋಡಿ, ಜಗನ್ಮೋಹನ ಅರಮನೇಲಿದೆ, ದೊರೆ ಮನೆತನವನ್ನೇ ತಾವರೆ ಥರ ಬರೆದಿದಾರೆ. ಅಲ್ಲಿ ರಾಜರು, ಇಲ್ಲಿ ಹೂವಮ್ಮ.

ಪ್ಲೈವುಡ್ ಮೇಲೆ ಕಾರ್ಟ್ರಿಜ್ ಪೇಪರ್ ಅಂಟಿಸಿ ಶುರು ಮಾಡಿದೆ. ಹಳೇ ಮಕ್ಕಿ ಸಫೇದದಲ್ಲಿ, ಅಂದ್ರೆ ಹಿಂದಿನವರ ಗೆಸ್ಸೋದಲ್ಲಿ, ಸೀಸದ ಬಿಳಿ ಪುಡಿ, ರೇವಲ್ಚಿನ್ನಿ ಅನ್ನೋ ಹಳದಿ ಮರದಂಟು ಎಲ್ಲ ಇರ್ತಿತ್ತು. ಸೀಸ ವಿಷ, ಅದಕ್ಕೆ ನಾನು ಬಳಸೋದು ಜಿಂಕ್ ಆಕ್ಸೈಡ್ ಮತ್ತೆ ಗೋಂದು. ಗೋಂದು ಜಾಸ್ತಿ ಆದ್ರೆ ಒಣಗಿದ ಮೇಲೆ ಬಿರುಕು ಬಿಡುತ್ತೆ, ಕಮ್ಮಿ ಆದ್ರೆ ಪುಡಿಪುಡಿ ಉದುರುತ್ತೆ, ಬೊಟ್ಟು ಇಟ್ರೆ ಹರಡದೆ ದುಂಡಗೆ ಕೂರಬೇಕು, ಅದೇ ಹದ. ರೇವಲ್ಚಿನ್ನಿ ಇಲ್ದಿರೋದ್ರಿಂದ ಈ ಗೆಸ್ಸೋ ಒಣಗಿದ್ರೂ ಅಪ್ಪಟ ಬಿಳಿ. ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಸಾಮಾನ್ಯವಾಗಿ ಆ ಬಿಳಿ ರೇಕಿನ ಕೆಳಗೆ ಮುಚ್ಚಿಹೋಗುತ್ತೆ, ನಾನು ಮಲ್ಲಿಗೆ ಮೊಗ್ಗು ಒಂದೊಂದನ್ನೂ ಗೆಸ್ಸೋ ಬೊಟ್ಟಲ್ಲೇ ಇಟ್ಟು ರೇಕು ಹಚ್ಚದೆ ಹಂಗೇ ಬಿಟ್ಟೆ, ಹೂ ಕಟ್ಟಿದ ಬಾಳೆನಾರಿಗೆ ಮಾತ್ರ ಸಣ್ಣ ಬ್ರಶ್ಶಲ್ಲಿ ಒಂದು ಎಳೆ ಬಣ್ಣ. ದೇವಿ ಕೊರಳಲ್ಲಿ ಮುತ್ತಿನ ಸರ ಎಬ್ಬಿಸೋ ಕೈಕೆಲಸವೇ ಅದು, ಆದ್ರೆ ಅವಳ ಮಡಿಲಲ್ಲಿ ಹೂವಾಯ್ತು! ಚಿನ್ನ ಹಚ್ಚಿದ್ದು ಎರಡೇ ಕಡೆ, ಮೂಗುಬೊಟ್ಟಿಗೆ ಮತ್ತೆ ಅವಳ ಹಿಂದಿರೋ ಮಾರ್ಕೆಟ್ಟಿನ ಕಮಾನಿಗೆ, ಅದು ಪ್ರಭಾವಳಿ ಜಾಗದಲ್ಲಿ ಸರಿಯಾಗಿ ಕೂತ್ಕೊಳ್ತು.

ಮುಖ, ಕಣ್ಣು, ಬೆರಳು ಎಲ್ಲ ಹಳೇ ಕ್ರಮದಲ್ಲೇ. ಮುಖ್ಯ ಮೂರ್ತಿ ದೊಡ್ಡದು ಉಳಿದವರು ಚಿಕ್ಕವರು ಅನ್ನೋದನ್ನೂ ಬಿಡ್ಲಿಲ್ಲ, ಗಿರಾಕಿಗಳು ಅವಳ ಅರ್ಧ ಎತ್ತರ ಇದಾರೆ. ಬದಲಾಯಿಸಿದ್ದು ಹಿನ್ನೆಲೆ. ಮೋಡ, ಗಿಡ, ತೆರೆ ಏನೂ ಇಲ್ಲ, ಒಂದೇ ಕಡುನೀಲಿ, ಮುಂದೆ ಶೇಡಿಂಗ್ ಇಲ್ದೆ ಚಪ್ಪಟೆ ಕೆಂಪಲ್ಲಿ ಪ್ಲಾಸ್ಟಿಕ್ ಕ್ರೇಟು.

ಅಕ್ರಿಲಿಕ್ ಯಾಕೆ ಬಳಸ್ಲಿಲ್ಲ ಅಂತ ಕೇಳೋರಿಗೆ: ಕೊನೇಲಿ ತೆಳು ಕಾಗದ ಮುಚ್ಚಿ ನುಣುಪು ಕಲ್ಲಲ್ಲಿ ಹಗೂರಕ್ಕೆ ಉಜ್ಜಬೇಕು, ಅಕ್ರಿಲಿಕ್ ಮೇಲೆ ಒತ್ತಿದ್ರೆ ಕಾಗದ ಅಂಟ್ಕೊಳ್ಳುತ್ತೆ. ಪೋಸ್ಟರ್ ಕಲರ್ ಸಾಕು. ಬಿಳಿ ಮೊಗ್ಗಿರೋ ಜಾಗ ಬಿಟ್ಟು ಉಜ್ಜಿ, ಅಲ್ಲಿ ಹೊಳಪು ಬೇಡ. ರೇಕು ಮಾತ್ರ ಅಸಲಿ ಚಿನ್ನದ್ದೇ ತಗೊಳ್ಳಿ, ಹಿತ್ತಾಳೆಯ ಇಮಿಟೇಶನ್ ಕಾಲಕ್ರಮೇಣ ಕಪ್ಪಾಗುತ್ತೆ. ಗೋಡೆಗೆ ಹಾಕುವಾಗ ಬೆಳಕು ಪಕ್ಕದಿಂದ ಬೀಳೋ ಹಾಗೆ ನೋಡ್ಕೊಳ್ಳಿ, ನೇರ ಎದುರಿಂದ ಲೈಟ್ ಬಿಟ್ರೆ ಇಷ್ಟು ತೆಳು ಗೆಸ್ಸೋ ಕಾಣೋದೇ ಇಲ್ಲ.