ದರ ಏರಿದರೂ ಸವೆಯದ ಸ್ಟ್ಯಾಂಪ್: ಅಮೆರಿಕದ ‘ಫಾರೆವರ್’ ಕೊಳ್ಳುವುದು, ಅಂಟಿಸುವುದು ಹೇಗೆ?

ಅಮೆರಿಕದೊಳಗೆ ಒಂದು ಸಾದಾ ಕಾಗದ ಪೋಸ್ಟ್ ಮಾಡಲು 2007ರಲ್ಲಿ 41 ಸೆಂಟ್ ಸಾಕಾಗುತ್ತಿತ್ತು. 2025ರ ಜುಲೈ 13ರಿಂದ ಅದಕ್ಕೆ 78 ಸೆಂಟ್. ಆದರೂ 2007ರಲ್ಲಿ ಕೊಂಡ, ಲಿಬರ್ಟಿ ಬೆಲ್ ಎಂಬ ಗಂಟೆಯ ಚಿತ್ರದ ಸ್ಟ್ಯಾಂಪೊಂದು ಮನೆಯಲ್ಲಿ ಉಳಿದಿದ್ದರೆ ಅದೊಂದನ್ನೇ ಅಂಟಿಸಿ ಇವತ್ತೂ ಕಾಗದ ಹಾಕಬಹುದು. ಮೇಲೆ ಒಂದು ಸೆಂಟೂ ಸೇರಿಸಬೇಕಾಗಿಲ್ಲ. ಇದೇ ಫಾರೆವರ್ ಸ್ಟ್ಯಾಂಪ್. ನೀವು ಎಷ್ಟಕ್ಕೇ ಕೊಂಡಿರಿ, ಅಂಟಿಸುವ ದಿನ ಒಂದು ಔನ್ಸ್ (28 ಗ್ರಾಂ) ಕಾಗದಕ್ಕೆ ಎಷ್ಟು ದರವೋ ಅಷ್ಟು ಅದರ ಬೆಲೆ.

ನಮ್ಮ ಕಡೆಯಿಂದ ಹೋದವರಿಗೆ ಇದು ಮೊದಮೊದಲು ಗೊಂದಲವೇ. ಭಾರತದ ಸ್ಟ್ಯಾಂಪಿನ ಮೇಲೆ ಐದು ರೂಪಾಯಿ ಎಂದು ಅಚ್ಚಾಗಿದ್ದರೆ ಅದು ಎಂದಿಗೂ ಐದೇ ರೂಪಾಯಿ. ಅಮೆರಿಕದ ಈ ಸ್ಟ್ಯಾಂಪಿನ ಮೇಲೆ ಅಂಕಿಯೇ ಇರುವುದಿಲ್ಲ. ಹಾಗಾಗಿ ಮದುವೆ ಕಾರ್ಡಿಗೆ ಎಷ್ಟು, ಊರಿಗೆ ಬರೆಯುವ ಕಾಗದಕ್ಕೆ ಎಷ್ಟು ಎಂದು ಗೊತ್ತಾಗದೆ ಕೆಲವರು ಕಮ್ಮಿ ಅಂಟಿಸುತ್ತಾರೆ, ಕಾಗದ ವಾಪಸ್ ಬರುತ್ತದೆ. ಹೆಚ್ಚಿನವರು ‘ಇರಲಿ ಬಿಡು’ ಎಂದು ಇನ್ನೊಂದು ಜಾಸ್ತಿ ಅಂಟಿಸುತ್ತಾರೆ. ಬಾಡಿಗೆ ಚೆಕ್ಕು, ತೆರಿಗೆ ಫಾರಂ, ಗೃಹಪ್ರವೇಶದ ಕರೆಯೋಲೆ ಎಂದು ಅಲ್ಲಿ ಇನ್ನೂ ಟಪಾಲಿನ ಕೆಲಸ ಇದ್ದೇ ಇದೆ. ಕೆಳಗಿನ ದರಗಳೆಲ್ಲ 2025ರ ಜುಲೈನವು. ಕೊಳ್ಳುವಾಗ ಕೌಂಟರಿನಲ್ಲಿ ಅವತ್ತಿನ ದರ ಒಮ್ಮೆ ಕೇಳಿಬಿಡಿ.

ಮೊದಲು ಮನೆಯಲ್ಲಿ ಏನಿದೆ ನೋಡಿ

ಹೊಸದು ಕೊಳ್ಳುವ ಮುಂಚೆ ಹಳೆಯ ಡ್ರಾಯರ್ ತೆಗೆಯಿರಿ. ಸಿಗುವ ಸ್ಟ್ಯಾಂಪುಗಳು ಮೂರು ಜಾತಿಯವು.

‘ಫಾರೆವರ್’ ಎಂದು ಅಚ್ಚಾಗಿರುವುದು ಒಂದು. ಇಂಥ ಮೊದಲ ಸ್ಟ್ಯಾಂಪ್ ಹೊರಬಂದದ್ದು 2007ರ ಏಪ್ರಿಲ್ 12ರಂದು, ಬಿರುಕು ಬಿಟ್ಟ ಲಿಬರ್ಟಿ ಬೆಲ್ ಚಿತ್ರದೊಂದಿಗೆ. 2011ರಿಂದ ಸಾದಾ ಕಾಗದದ ಸ್ಟ್ಯಾಂಪುಗಳು ಹೆಚ್ಚುಕಮ್ಮಿ ಎಲ್ಲವೂ ಫಾರೆವರ್. 2016ರ ಅಕ್ಟೋಬರ್‌ನಲ್ಲಿ ಬಂದ ಹಣತೆಯ ಚಿತ್ರದ ದೀಪಾವಳಿ ಸ್ಟ್ಯಾಂಪೂ ಈ ಜಾತಿಯದ್ದೇ. ಆಗ ಅದಕ್ಕೆ ಕೊಟ್ಟದ್ದು 47 ಸೆಂಟ್, ಈಗ ಅದು 78 ಸೆಂಟಿನ ಕೆಲಸ ಮಾಡುತ್ತದೆ. ನೆನಪಿಗೆಂದು ಒಂದೆರಡು ಎತ್ತಿಟ್ಟುಕೊಂಡು ಉಳಿದದ್ದನ್ನು ಧಾರಾಳವಾಗಿ ಬಳಸಿ.

ಎರಡನೆಯದು ಸೆಂಟ್ ಅಚ್ಚಾಗಿರುವ ಹಳೆಯ ಸ್ಟ್ಯಾಂಪ್. ಎಷ್ಟು ಬರೆದಿದೆಯೋ ಅಷ್ಟೇ ಬೆಲೆ. ಆದರೆ ಬಿಸಾಡಬೇಡಿ. ಕಳೆದ 160 ವರ್ಷಗಳಲ್ಲಿ ಬಂದ, ಮುದ್ರೆ ಬೀಳದ ಅಮೆರಿಕದ ಸ್ಟ್ಯಾಂಪ್ ಯಾವುದೇ ಆಗಲಿ, ಈಗಲೂ ಚಲಾವಣೆಯಲ್ಲಿದೆ.

ಜನ ಎಡವುವುದು ಮೂರನೆಯದರಲ್ಲಿ. ಅದರ ಮೇಲೆ ಅಂಕಿ ಇರುವುದಿಲ್ಲ, ಎ, ಬಿ, ಸಿ ಎಂದು ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ದರ ಎಷ್ಟಕ್ಕೆ ಏರುತ್ತದೆ ಎಂದು ತೀರ್ಮಾನವಾಗುವ ಮೊದಲೇ ಅಚ್ಚು ಹಾಕಿ ಇಟ್ಟುಕೊಳ್ಳಲು 1978ರಿಂದ 1998ರವರೆಗೆ ಹೀಗೆ ಮಾಡುತ್ತಿದ್ದರು. ಅಂಕಿ ಇಲ್ಲವೆಂದು ಇದನ್ನು ಫಾರೆವರ್ ಅಂದುಕೊಂಡರೆ ಕೆಟ್ಟಿರಿ. ಎ ಅಂದರೆ 15 ಸೆಂಟ್, ಬಿ 18, ಸಿ 20, ಡಿ 22, ಇ 25, ಎಫ್ 29, ಜಿ 32, ಎಚ್ 33. ಅಂದು ಎಷ್ಟೋ ಇಂದೂ ಅಷ್ಟೇ. ಕೂಡಿಸಿ ಅಂಟಿಸಲು ಅಡ್ಡಿಯಿಲ್ಲ. ಎರಡು ಎಫ್, ಒಂದು ಸಿ ಸೇರಿಸಿದರೆ ಸರಿಯಾಗಿ 78 ಸೆಂಟ್!

ಎಷ್ಟು ಕೊಳ್ಳಬೇಕು?

ಇದಕ್ಕೆ ಉತ್ತರ ಹೇಳಬೇಕೆಂದರೆ ದರ ಹೇಗೆ ಏರುತ್ತಾ ಬಂತು ಎಂದು ನೋಡಬೇಕು. 2006ರ ಕಾನೂನಿನ ಪ್ರಕಾರ ಅಮೆರಿಕದ ಅಂಚೆ ಇಲಾಖೆ ಹಣದುಬ್ಬರಕ್ಕಿಂತ ಜಾಸ್ತಿ ದರ ಏರಿಸುವಂತಿರಲಿಲ್ಲ. ಹಾಗಾಗಿ 2007ರಲ್ಲಿ 41 ಸೆಂಟ್ ಇದ್ದದ್ದು 2018ರಲ್ಲಿ 50 ಆಯಿತು, ಅಷ್ಟೇ. ನಡುವೆ 2016ರ ಏಪ್ರಿಲ್‌ನಲ್ಲಿ 49ರಿಂದ 47ಕ್ಕೆ ಇಳಿದದ್ದೂ ಉಂಟು. 1919ರ ನಂತರ ಅಮೆರಿಕದಲ್ಲಿ ಸ್ಟ್ಯಾಂಪ್ ಬೆಲೆ ಇಳಿದದ್ದು ಅದೇ ಮೊದಲು. ಅದರ ಹಿಂದಿನ ವಾರ ಕಂತೆಗಟ್ಟಲೆ ಕೊಂಡವರಿಗೆ ಒಂದೊಂದಕ್ಕೂ ಎರಡು ಸೆಂಟ್ ಖೋತಾ.

2020ರ ಕೊನೆಯಲ್ಲಿ ದರ ನಿಯಂತ್ರಣ ಆಯೋಗ ಈ ಲಗಾಮನ್ನು ಸಡಿಲ ಮಾಡಿತು. ಕಾಗದ ಹಾಕುವವರು ಕಮ್ಮಿಯಾಗಿದ್ದರು. 2001ರಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೀರಿದ್ದ ಮೊದಲ ದರ್ಜೆ ಟಪಾಲು ಈಗ ಅರ್ಧಕ್ಕಿಂತಲೂ ಕೆಳಗಿದೆ. ಆದರೆ ಮನೆಮನೆಗೆ ಹೋಗುವ ಅಂಚೆಯವರ ಸುತ್ತು ಕಮ್ಮಿಯಾಗುವುದಿಲ್ಲ, ಅಲ್ವಾ? ಆ ಖರ್ಚು ಉಳಿದ ಕಾಗದಗಳ ಮೇಲೆ ಬಿತ್ತು. 2021ರ ಆಗಸ್ಟ್‌ನಲ್ಲಿ 58 ಸೆಂಟ್. 2022ರಲ್ಲಿ 60. 2023ರ ಜನವರಿಯಲ್ಲಿ 63, ಅದೇ ಜುಲೈನಲ್ಲಿ 66. 2024ರ ಜನವರಿಯಲ್ಲಿ 68, ಜುಲೈನಲ್ಲಿ 73. ಆಮೇಲೆ ಒಂದು ವರ್ಷ ಸುಮ್ಮನಿದ್ದು 2025ರ ಜುಲೈನಲ್ಲಿ 78.

ಇದನ್ನೆಲ್ಲ ಓದಿ ‘ಹಾಗಾದರೆ ಸಾವಿರ ಡಾಲರಿಗೆ ತೆಗೆದಿಟ್ಟರೆ ಹೇಗೆ’ ಎನ್ನುವವರು ಇದ್ದಾರೆ. ಬೇಡ. 41ರಿಂದ 78 ಆಗಲು 18 ವರ್ಷ ಹಿಡಿದಿದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 3.5ರ ಆಸುಪಾಸು. ಅದೂ ಬರೀ ಲೆಕ್ಕದ ಲಾಭ, ಕೈಗೆ ಬರುವ ದುಡ್ಡಲ್ಲ. ಪೋಸ್ಟ್ ಆಫೀಸಿನವರು ಸ್ಟ್ಯಾಂಪ್ ವಾಪಸ್ ತೆಗೆದುಕೊಂಡು ನಗದು ಕೊಡುವುದಿಲ್ಲ. ಹೊರಗೆ ಮಾರಲು ಹೋದರೆ ಕೊಳ್ಳುವವನು ಕಮ್ಮಿಗೇ ಕೇಳುತ್ತಾನೆ, ಇಲ್ಲದಿದ್ದರೆ ಅವನು ನೇರವಾಗಿ ಪೋಸ್ಟ್ ಆಫೀಸಿಗೇ ಹೋಗುತ್ತಿದ್ದ. ಮುಂದೆ ಬೆಲೆ ಬರುತ್ತದೆ ಎಂದು ದಶಕಗಳ ಹಿಂದೆ ಹಾಳೆಗಟ್ಟಲೆ ಸ್ಟ್ಯಾಂಪ್ ಕೂಡಿಟ್ಟ ಅಮೆರಿಕದ ಸಂಗ್ರಾಹಕರಿಗೆ ಆದದ್ದೂ ಇದೇ. ಎಲ್ಲರೂ ಕೂಡಿಟ್ಟಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಅವರ ಮಕ್ಕಳು ಈಗ ಆ ಹಾಳೆಗಳನ್ನು ಅಚ್ಚಾದ ಬೆಲೆಗಿಂತ ಕಮ್ಮಿಗೆ ಮಾರುತ್ತಿದ್ದಾರೆ.

ಫಾರೆವರ್ ಸ್ಟ್ಯಾಂಪ್ ಬೇಳೆ ಅಗ್ಗವಾದಾಗ ವರ್ಷಕ್ಕಾಗುವಷ್ಟು ತಂದು ಡಬ್ಬಿ ತುಂಬಿಸಿದ ಹಾಗೆ. ನಿಮಗೆ ಖರ್ಚಾಗುವಷ್ಟು ಇದ್ದರೆ ಲಾಭ. ದರ ಏರಿಕೆಯ ಸುದ್ದಿ ಸಾಮಾನ್ಯವಾಗಿ ಎರಡು ಮೂರು ತಿಂಗಳು ಮೊದಲೇ ಬರುತ್ತದೆ. ಏರುವ ಹಿಂದಿನ ದಿನದವರೆಗೂ ಹಳೆಯ ದರಕ್ಕೇ ಸಿಗುತ್ತದೆ. ಹೋದ ವರ್ಷ ಎಷ್ಟು ಕಾಗದ ಹಾಕಿದ್ದೀರಿ ಎಂದು ಅಂದಾಜು ಮಾಡಿ, ಒಂದೆರಡು ವರ್ಷಕ್ಕೆ ಆಗುವಷ್ಟು ತೆಗೆದುಕೊಳ್ಳಿ. 73ರಿಂದ 78ಕ್ಕೆ ಏರಿದಾಗ ಇಪ್ಪತ್ತರ ಪುಸ್ತಿಕೆಗೆ ಉಳಿದದ್ದು ಒಂದು ಡಾಲರ್, ನೂರರ ಸುರುಳಿಗೆ ಐದು ಡಾಲರ್. ಅದಕ್ಕಾಗಿ ಇಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಹೋಗುವುದೇನೂ ಬೇಡ. ಮನೆಯಲ್ಲಿ ಮದುವೆ ಇದ್ದು ಮುನ್ನೂರು ಕಾರ್ಡು ಹೋಗಬೇಕಿದ್ದರೆ ಮಾತ್ರ ಬೇಗ ಕೊಂಡಿಡುವುದು ಜಾಣತನ.

ಎಲ್ಲಿ ಕೊಳ್ಳಬೇಕು, ಎಲ್ಲಿ ಕೊಳ್ಳಬಾರದು

ಪೋಸ್ಟ್ ಆಫೀಸ್, ಅವರದೇ ವೆಬ್‌ಸೈಟ್, ದೊಡ್ಡ ಸೂಪರ್ ಮಾರ್ಕೆಟ್ಟು, ಔಷಧದ ಅಂಗಡಿ ಸರಣಿಗಳು. ಇಷ್ಟು ಸಾಕು. ಕೆಲವು ಸಗಟು ಮಳಿಗೆಗಳಲ್ಲಿ ನೂರರ ಸುರುಳಿಗೆ ಚೂರು ರಿಯಾಯಿತಿ ಇರುತ್ತದೆ, ಚೂರೇ.

ಸೋಷಿಯಲ್ ಮೀಡಿಯಾದಲ್ಲಿ ‘ನೂರು ಸ್ಟ್ಯಾಂಪ್, ಅರ್ಧ ಬೆಲೆ’ ಎಂಬ ಜಾಹೀರಾತು ಕಂಡರೆ ಅದು ನಕಲಿ ಎಂದೇ ಇಟ್ಟುಕೊಳ್ಳಿ. ಅಂಚೆ ಇಲಾಖೆಯೇ ಪೂರ್ತಿ ಬೆಲೆಗೆ ಮಾರುವ ಸಾಮಾನನ್ನು ಇನ್ನೊಬ್ಬ ಅರ್ಧಕ್ಕೆ ಹೇಗೆ ಕೊಟ್ಟಾನು? ಬೆಲೆ ಏರಿದಷ್ಟೂ ನಕಲಿಯವರಿಗೆ ಸುಗ್ಗಿ. ನಕಲಿ ಸ್ಟ್ಯಾಂಪ್ ಅಂಟಿಸಿದ ಕಾಗದ ಸಿಕ್ಕಿಬಿದ್ದರೆ ಅದನ್ನು ವಾರಸುದಾರರಿಲ್ಲದ ಟಪಾಲು ಎಂದು ಪರಿಗಣಿಸಿ ವಿಲೇವಾರಿ ಮಾಡುವ ನಿಯಮವಿದೆ. ನಿಮ್ಮ ಕೈಗೆ ವಾಪಸ್ ಬರುತ್ತದೆ ಎಂಬ ಭರವಸೆಯಿಲ್ಲ. ಹತ್ತು ಡಾಲರ್ ಉಳಿಸಲು ಹೋಗಿ ಬಾಡಿಗೆ ಚೆಕ್ಕು ಕಳೆದುಕೊಳ್ಳುವುದು ಬೇಕೆ?

ನಕಲಿಯ ಮಾತು ಬಂದಾಗ ಇದೊಂದು ಹೇಳದಿದ್ದರೆ ಆಗದು. 2010ರಲ್ಲಿ ಸ್ವತಃ ಅಂಚೆ ಇಲಾಖೆಯೇ ಸ್ವಾತಂತ್ರ್ಯ ದೇವಿಯ ಫಾರೆವರ್ ಸ್ಟ್ಯಾಂಪ್ ತಂದಾಗ ಅಚ್ಚು ಹಾಕಿದ್ದು ನ್ಯೂಯಾರ್ಕಿನ ಮೂಲ ಪ್ರತಿಮೆಯ ಫೋಟೊ ಅಲ್ಲ, ಲಾಸ್ ವೇಗಸ್‌ನ ಕ್ಯಾಸಿನೊ ಹೋಟೆಲ್ ಮುಂದಿನ ಪ್ರತಿಕೃತಿಯ ಫೋಟೊ! ಅದನ್ನು ಕೆತ್ತಿದ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ಕೋರ್ಟಿಗೆ ಹೋದರು. 2018ರಲ್ಲಿ ಸುಮಾರು 35 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಆ ಸ್ಟ್ಯಾಂಪ್ ನಿಮ್ಮ ಬಳಿ ಇದ್ದರೆ ಚಿಂತೆಯಿಲ್ಲ, ಚೆನ್ನಾಗಿ ನಡೆಯುತ್ತದೆ.

ಅಂಟಿಸುವ ಮೊದಲು ತೂಗಿ

ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ. ಒಂದು ಫಾರೆವರ್ ಒಂದು ಔನ್ಸಿಗೆ, ಅಂದರೆ 28 ಗ್ರಾಂಗೆ. ಸಾದಾ ಲಕೋಟೆಯಲ್ಲಿ ನಾಲ್ಕು ಹಾಳೆ ಮಡಚಿ ಹಾಕಿದರೆ ಅಷ್ಟರೊಳಗೆ ಬರುತ್ತದೆ. ಅನುಮಾನವಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ.

28 ಗ್ರಾಂ ದಾಟಿದರೆ ಎರಡನೆಯ ಔನ್ಸಿಗೆ ಇನ್ನೊಂದು 78 ಸೆಂಟ್ ಕೊಡಬೇಕಾಗಿಲ್ಲ. ಮುಂದಿನ ಪ್ರತಿ ಔನ್ಸಿಗೆ 29 ಸೆಂಟ್ ಮಾತ್ರ. ಎರಡು ಔನ್ಸಿನ ಕಾಗದಕ್ಕೆ ಒಟ್ಟು 1 ಡಾಲರ್ 7 ಸೆಂಟ್. ಎರಡು ಫಾರೆವರ್ ಅಂಟಿಸಿದರೆ 1 ಡಾಲರ್ 56 ಸೆಂಟ್, ಅಂದರೆ 49 ಸೆಂಟ್ ದಂಡ. ಇದಕ್ಕೆಂದೇ ‘ಅಡಿಷನಲ್ ಔನ್ಸ್’ ಎಂದು ಬರೆದ ಬೇರೆ ಸ್ಟ್ಯಾಂಪ್ ಸಿಗುತ್ತದೆ. ಈಗ ಕೊಳ್ಳುವ ಆ ಸ್ಟ್ಯಾಂಪಿಗೂ ದರ ಏರಿಕೆಯ ಬಿಸಿ ತಟ್ಟುವುದಿಲ್ಲ. ಪೋಸ್ಟ್‌ಕಾರ್ಡಿನ ಸ್ಟ್ಯಾಂಪೂ ಹಾಗೆಯೇ.

ಇನ್ನು ನಮ್ಮ ಮದುವೆ ಕಾರ್ಡು. ಅಮೆರಿಕದ ಅಂಚೆ ಯಂತ್ರಗಳಿಗೂ ನಮ್ಮ ಕಾರ್ಡಿಗೂ ಆಗಿಬರುವುದಿಲ್ಲ. ಚೌಕಾಕಾರದ ಲಕೋಟೆ, ಬಾಗದ ದಪ್ಪ ರಟ್ಟು, ಜರಿ ದಾರದ ಗಂಟು, ಉಬ್ಬಿದ ಲೋಹದ ಗಣಪತಿ, ಒಳಗೊಂದು ಮಂತ್ರಾಕ್ಷತೆಯ ಪೊಟ್ಟಣ. ಯಂತ್ರದಲ್ಲಿ ಸರಾಗವಾಗಿ ಹೋಗದ ಇಂಥ ಕಾಗದಕ್ಕೆ ತೂಕ ಕಮ್ಮಿ ಇದ್ದರೂ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕೆ ಚಿಟ್ಟೆ ಚಿತ್ರದ ಪ್ರತ್ಯೇಕ ಸ್ಟ್ಯಾಂಪ್ ಇದೆ. ಲಕೋಟೆಯ ಮೂಲೆಗೆ ಅರಿಶಿನ ಹಚ್ಚಲು ತಕರಾರಿಲ್ಲ, ವಿಳಾಸದ ಮೇಲೆ ಬಳಿಯದಿದ್ದರೆ ಸರಿ. ಕಾರ್ಡು ಅಚ್ಚಿಗೆ ಕೊಡುವ ಮುಂಚೆ ಒಂದು ಮಾದರಿಯನ್ನು ಪೂರ್ತಿ ತುಂಬಿಸಿ ಪೋಸ್ಟ್ ಆಫೀಸಿಗೆ ಒಯ್ದು ಎಷ್ಟಾಗುತ್ತದೆ ಎಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಮಂತ್ರಾಕ್ಷತೆಯನ್ನು ಮಂಟಪದಲ್ಲೇ ಕೊಟ್ಟರಾಯಿತು ಎನ್ನುವುದು ನನ್ನ ಅಭಿಪ್ರಾಯ. ಮನೆಯ ಹಿರಿಯರು ಒಪ್ಪಬೇಕಷ್ಟೆ.

ಬರುತ್ತೀರೋ ಇಲ್ಲವೋ ಎಂದು ತಿಳಿಸಲು ಅಲ್ಲಿ ಕಾರ್ಡಿನ ಜೊತೆ ಒಂದು ಮರುಲಕೋಟೆ ಇಡುವ ರೂಢಿಯಿದೆ. ಅದರ ಮೇಲೂ ನೀವೇ ಸ್ಟ್ಯಾಂಪ್ ಅಂಟಿಸಿ ಕೊಡಬೇಕು. ಅಲ್ಲಿ ಮಾತ್ರ ಫಾರೆವರ್ ಬಿಟ್ಟು ಬೇರೆ ಹಚ್ಚಬೇಡಿ. ಉತ್ತರ ಬರುವಷ್ಟರಲ್ಲಿ ದರ ಏರಿದರೂ ಅದು ನಿಂತುಹೋಗುವುದಿಲ್ಲ.

ದೊಡ್ಡ ಕಂದು ಲಕೋಟೆಯ ಲೆಕ್ಕವೇ ಬೇರೆ. ಒಂದು ಔನ್ಸಿಗೇ 1 ಡಾಲರ್ 63 ಸೆಂಟಿನಿಂದ ಶುರು. ಎರಡು ಫಾರೆವರ್ ಹಚ್ಚಿದರೆ ಏಳು ಸೆಂಟ್ ಕೊರತೆ. ಮೂರನೆಯದನ್ನು ಹಚ್ಚುವ ಬದಲು ಹತ್ತು ಸೆಂಟಿನ ಸ್ಟ್ಯಾಂಪ್ ಒಂದು ಹಾಳೆ ತಂದಿಟ್ಟುಕೊಳ್ಳಿ. ಡ್ರಾಯರಿನ ಹಳೆಯ ಚಿಲ್ಲರೆ ಸ್ಟ್ಯಾಂಪುಗಳೂ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಸ್ಟ್ಯಾಂಪ್ ಉದುರೀತೆಂದು ಮೇಲೆ ಸೆಲೋಟೇಪ್ ಹಾಕುವವರಿದ್ದಾರೆ. ಹಾಕಬೇಡಿ. ಮುದ್ರೆ ಕೂರದ ಸ್ಟ್ಯಾಂಪಿಗೆ ಬೆಲೆಯಿಲ್ಲ.

ಊರಿಗೆ ಕಾಗದ ಹಾಕುವಾಗ

ಭಾರತಕ್ಕೆ ಹೋಗುವ ಒಂದು ಔನ್ಸ್ ಕಾಗದಕ್ಕೆ 1 ಡಾಲರ್ 70 ಸೆಂಟ್. ಎರಡು ಸಾದಾ ಫಾರೆವರ್ ಹಚ್ಚಿದರೆ 14 ಸೆಂಟ್ ಕಮ್ಮಿ. ಇದಕ್ಕೆ ‘ಗ್ಲೋಬಲ್ ಫಾರೆವರ್’ ಕೇಳಿ. ಗುಂಡಗಿರುತ್ತದೆ, ಹಾಗಾಗಿ ಗುರುತಿಸುವುದು ಸುಲಭ. 2013ರಲ್ಲಿ 1 ಡಾಲರ್ 10 ಸೆಂಟಿಗೆ ಶುರುವಾಯಿತು. ಆಗ ಕೊಂಡದ್ದು ಇಂದಿಗೂ ಮೈಸೂರಿಗಾಗಲಿ ಮೆಲ್ಬರ್ನ್‌ಗಾಗಲಿ ಕಾಗದ ಮುಟ್ಟಿಸುತ್ತದೆ. ವಿದೇಶಕ್ಕೆ ಹೋಗುವ ಕಾಗದದ ಲಕೋಟೆಯಲ್ಲಿ ಬರೀ ಕಾಗದಪತ್ರ ಇರಬೇಕು, ವಸ್ತು ಇಡುವಂತಿಲ್ಲ ಎಂಬ ನಿಯಮ 2018ರಿಂದ ಇದೆ. ರಾಖಿ, ಕುಂಕುಮದ ಪೊಟ್ಟಣ ಇವೆಲ್ಲ ಪಾರ್ಸಲ್ ಲೆಕ್ಕಕ್ಕೆ ಹೋಗುತ್ತವೆ.

ಕೆನಡಾ, ಬ್ರಿಟನ್‌ನಲ್ಲಿ ಇರುವವರಿಗೆ

ಕೆನಡಾದಲ್ಲಿ ಇದೇ ಬಗೆಯ ಸ್ಟ್ಯಾಂಪ್ ಅಮೆರಿಕಕ್ಕಿಂತ ಮೊದಲೇ, 2006ರ ನವೆಂಬರ್‌ನಲ್ಲಿ ಬಂತು. ಅದರ ಮೇಲೆ ಮೇಪಲ್ ಎಲೆಯೊಳಗೆ ಇಂಗ್ಲಿಷಿನ ‘ಪಿ’ ಅಕ್ಷರ ಇರುತ್ತದೆ. ಆಗ 51 ಸೆಂಟ್ ಇದ್ದದ್ದು 2025ರಲ್ಲಿ ಪುಸ್ತಿಕೆಯಲ್ಲಿ ಕೊಂಡರೆ 1 ಡಾಲರ್ 24 ಸೆಂಟ್, ಬಿಡಿಯಾಗಿ ಕೊಂಡರೆ 1 ಡಾಲರ್ 44 ಸೆಂಟ್. ಅಲ್ಲಿ ಬಿಡಿ ಕೊಳ್ಳಲೇಬಾರದು.

ಬ್ರಿಟನ್ನಿನದು ಎಚ್ಚರ ವಹಿಸಬೇಕಾದ ಕಥೆ. ‘ಫಸ್ಟ್’, ‘ಸೆಕೆಂಡ್’ ಎಂದಷ್ಟೇ ಬರೆದ ಸ್ಟ್ಯಾಂಪುಗಳು ಅಲ್ಲಿ 1989ರಿಂದ ಇವೆ. ಫಸ್ಟ್ ಕ್ಲಾಸ್ ದರ 2022ರಲ್ಲಿ 95 ಪೆನ್ಸ್ ಇದ್ದದ್ದು 2025ರ ಏಪ್ರಿಲ್‌ಗೆ 1 ಪೌಂಡ್ 70 ಪೆನ್ಸ್ ಆಗಿದೆ. ಕೂಡಿಟ್ಟವರು ಒಳ್ಳೆಯ ಕೆಲಸ ಮಾಡಿದ್ದರು. ಆದರೆ ಪಕ್ಕದಲ್ಲಿ ಬಾರ್‌ಕೋಡ್ ಇಲ್ಲದ, ರಾಣಿಯ ತಲೆಯ ದಿನಬಳಕೆಯ ಸ್ಟ್ಯಾಂಪುಗಳು 2023ರ ಜುಲೈ 31ರ ನಂತರ ನಡೆಯುವುದಿಲ್ಲ ಎಂದು ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಹೇಳಿಬಿಟ್ಟಿತು. ಅಂಥವು ಉಳಿದಿದ್ದರೆ ಬಿಸಾಡಬೇಡಿ, ‘ಸ್ವಾಪ್ ಔಟ್’ ಫಾರಂ ತುಂಬಿ ಕಳುಹಿಸಿದರೆ ಬದಲಿಗೆ ಬಾರ್‌ಕೋಡ್ ಇರುವ ಹೊಸದು ಕೊಡುವ ಏರ್ಪಾಡು ಮಾಡಿದ್ದಾರೆ. ಕ್ರಿಸ್‌ಮಸ್ ಮತ್ತು ಇತರ ವಿಶೇಷ ಚಿತ್ರಗಳ ಸ್ಟ್ಯಾಂಪುಗಳಿಗೆ ಈ ತಾಪತ್ರಯವಿಲ್ಲ, ಬಾರ್‌ಕೋಡ್ ಇಲ್ಲದಿದ್ದರೂ ಹಾಗೇ ಅಂಟಿಸಬಹುದು. ಹೊಸ ಸ್ಟ್ಯಾಂಪ್ ಅಂಟಿಸುವಾಗ ಬಾರ್‌ಕೋಡಿನ ಪಟ್ಟಿಯನ್ನು ಕಿತ್ತು ಬಿಸಾಡಬೇಡಿ, ಅದು ಸ್ಟ್ಯಾಂಪಿನದ್ದೇ ಭಾಗ.