ಗೇಮ್ ಶುರು ಮಾಡುವ ಮುಂಚೆ ನಾನೀಗ ಎಷ್ಟು ಓದುತ್ತೇನೆ

2022ರಲ್ಲಿ ಎಲ್ಡನ್ ರಿಂಗ್ ಅನ್ನೋ ಗೇಮ್ ಡೌನ್‌ಲೋಡ್‌ಗೆ ಹಾಕಿದ ರಾತ್ರಿ ಚೆನ್ನಾಗಿ ನೆನಪಿದೆ. ಅದಕ್ಕೆ 60 ಜಿಬಿ ಜಾಗ ಬೇಕು. ನಮ್ಮ ಮನೆಯ ಇಂಟರ್ನೆಟ್‌ನಲ್ಲಿ ಅದು ಬೆಳಗಿನ ತನಕ ಇಳಿಯುತ್ತಲೇ ಇತ್ತು. ಆಡೋಕೆ ಆಗಲ್ಲ, ನಿದ್ದೆಯೂ ಬರಲಿಲ್ಲ. ಸುಮ್ನೆ ಕೂರುವ ಬದಲು ಅದರ ಬಗ್ಗೆ ವಿಡಿಯೋ ನೋಡೋಣ ಅಂತ ಶುರು ಮಾಡಿದೆ. ಯಾವ ಕ್ಲಾಸ್, ಅಂದರೆ ಯಾವ ಬಗೆಯ ಪಾತ್ರ, ಒಳ್ಳೆಯದು, ಯಾವ ಕತ್ತಿ ಎಲ್ಲಿದೆ, ಮೊದಲ ಅರ್ಧ ಗಂಟೆಯಲ್ಲಿ ಎಲ್ಲೆಲ್ಲಿಗೆ ಓಡಬೇಕು. ಬೆಳಗಾಗುವಷ್ಟರಲ್ಲಿ ಒಂದು ಹಾಳೆ ತುಂಬ ಪಟ್ಟಿ ಆಗಿತ್ತು.

ಎರಡು ದಿನ ಆ ಪಟ್ಟಿ ಹಿಡಿದುಕೊಂಡೇ ಆಡಿದೆ. ಕತ್ತಿ ಸಿಕ್ಕಿತು, ಲೆವೆಲ್ಲೂ ಏರಿತು. ಆದರೆ ಲಿಮ್‌ಗ್ರೇವ್ ಅನ್ನೋ ಆ ಮೊದಲ ಜಾಗವನ್ನು ನಾನು ನೋಡಲೇ ಇಲ್ಲ. ಆಕಾಶದಲ್ಲಿ ಅಷ್ಟು ದೊಡ್ಡ ಚಿನ್ನದ ಮರ ನಿಂತಿದೆ. ನನ್ನ ಕಣ್ಣು ಮಾತ್ರ ಪಟ್ಟಿಯ ಮುಂದಿನ ಸಾಲಿನ ಮೇಲೆ. ಮೂರನೇ ದಿನ ಆ ಪಾತ್ರವನ್ನು ಅಳಿಸಿ, ಹಾಳೆ ಹರಿದು, ಮೊದಲಿಂದ ಶುರು ಮಾಡಿದೆ.

ಈ ಸಲ ಏನನ್ನೂ ಓದಬಾರದು ಅಂತ ಹಟ. ಅದೂ ಸರಿಹೋಗಲಿಲ್ಲ. ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಅನ್ನೋ ಬಾಸ್, ಅಂದರೆ ದಾರಿ ಕಾಯುವ ದೊಡ್ಡ ಶತ್ರು, ಇದ್ದಾನೆ. ಎರಡು ರಾತ್ರಿ ಅವನ ಕೈಯಲ್ಲಿ ಸತ್ತು ಸತ್ತು ಸಾಕಾಯಿತು. ಕೊನೆಗೆ ಆಟ ಮುಗಿಸಿದ್ದ ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟೇ: "ಲೇ, ಆ ಕೋಟೆ ಸದ್ಯ ಬಿಡು. ದಕ್ಷಿಣಕ್ಕ ಹೋಗು. ಇದಕ್ಕಿಂತ ಜಾಸ್ತಿ ನಾ ಹೇಳಂಗಿಲ್ಲ."

ದಕ್ಷಿಣಕ್ಕೆ ಹೋದೆ. ಉದ್ದನೆಯ ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ. ಮಳೆ ಹನಿಯುವ ಊರು, ನನ್ನ ಕೈಲಾಗುವ ಶತ್ರುಗಳು, ಹುಡುಕಿದಷ್ಟೂ ಸಿಗುವ ಗುಹೆಗಳು. ಒಂದು ವಾರ ಅಲ್ಲೇ ಸುತ್ತಾಡಿ ಗಟ್ಟಿಯಾಗಿ ವಾಪಸ್ ಬಂದೆ. ಮಾರ್ಗಿಟ್ ಬಿದ್ದ. ಗೆಳೆಯ ದಿಕ್ಕು ತೋರಿಸಿದ್ದ. ಅಲ್ಲಿ ಏನಿದೆ ಅಂತ ಹೇಳಿರಲಿಲ್ಲ. ಎಷ್ಟು ತಿಳಿದಿರಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಫೋನ್ ಮಾತು.

ಆದರೆ ಎಲ್ಲ ಆಟಕ್ಕೂ ಒಂದೇ ಅಳತೆ ಸಾಲದು. ಇದನ್ನು ಕಲಿಸಿದ್ದು ಔಟರ್ ವೈಲ್ಡ್ಸ್. 2019ರಲ್ಲಿ ಬಂದ ಆಟ. ಚಿಕ್ಕದೊಂದು ಸೌರಮಂಡಲ, ನಿಮಗೊಂದು ಮರ ತಗಡು ಸೇರಿಸಿ ಮಾಡಿದ ಗಗನನೌಕೆ. ಕಾಲ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತದೆ ಅನ್ನುವುದನ್ನು ಆಟ ಮಾಡಿದವರೇ ಮೊದಲೇ ಹೇಳಿಬಿಡುತ್ತಾರೆ, ಅದು ಗುಟ್ಟಲ್ಲ. ಇಲ್ಲಿ ಲೆವೆಲ್ ಇಲ್ಲ, ಆಯುಧ ಇಲ್ಲ. ನೌಕೆ ಮೊದಲ ದಿನ ಹೇಗಿತ್ತೋ ಕೊನೆಗೂ ಹಾಗೇ. ಬೆಳೆಯುವುದು ನಿಮ್ಮ ತಿಳಿವಳಿಕೆ ಒಂದೇ. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅಂತ ಪೂರ್ತಿ ಗೊತ್ತಿದ್ದವರು ಒಂದೇ ಸುತ್ತಿನಲ್ಲಿ ಆಟ ಮುಗಿಸಬಹುದು. ಅಂದರೆ ಹೊರಗಡೆ ಓದಿದ ಪ್ರತಿ ಸಾಲೂ ಆಟದ ಒಂದು ತುಂಡನ್ನೇ ತಿಂದಂತೆ.

ನಾನು ಒಂದು ಗ್ರಹದಲ್ಲಿ ಸಿಕ್ಕಿಹಾಕಿಕೊಂಡಾಗ ಒಂದೇ ಒಂದು ಸಣ್ಣ ಪ್ರಶ್ನೆ ಹುಡುಕಿದೆ. ಅದಕ್ಕೆ ಉತ್ತರ ಸಿಕ್ಕಿತು. ಆದರೆ ಅದರ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ, ನಾನು ಕೇಳದೇ ಇದ್ದ ಇನ್ನೊಂದು ಉತ್ತರವೂ ಇತ್ತು. ಕಣ್ಣು ಓದಿಬಿಟ್ಟಿತು. ಆಟದ ಅತಿ ಚೆಂದದ ಗುಟ್ಟುಗಳಲ್ಲಿ ಅದೂ ಒಂದು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಡನ್ ರಿಂಗ್‌ನಲ್ಲಾದರೆ ಪಾತ್ರ ಅಳಿಸಿ ಮತ್ತೆ ಶುರು ಮಾಡಿದ್ದೆ. ಇಲ್ಲಿ ಅಳಿಸಬೇಕಾದದ್ದು ನನ್ನ ತಲೆಯೊಳಗೆ ಇತ್ತು. ಇವತ್ತಿಗೂ ಆ ಬೇಜಾರು ಹೋಗಿಲ್ಲ.

ಬೇಸರದ ವಿಷಯ ಏನೆಂದರೆ ನನಗೆ ಬೇಕಿದ್ದ ಸಹಾಯ ನೌಕೆಯ ಒಳಗೇ ಇತ್ತು. ಅಲ್ಲೊಂದು ಕಂಪ್ಯೂಟರ್ ಇದೆ. ನೀವು ಕಂಡದ್ದನ್ನೆಲ್ಲ ಗೆರೆ ಎಳೆದು ಜೋಡಿಸಿ ಇಟ್ಟಿರುತ್ತದೆ, ಇನ್ನೂ ನೋಡುವುದು ಬಾಕಿ ಇರುವ ಜಾಗಕ್ಕೆ ಗುರುತು ಹಾಕಿರುತ್ತದೆ. ಈಗ ಯಾವ ಆಟದಲ್ಲಿ ಸಿಕ್ಕಿಕೊಂಡರೂ ಮೊದಲು ಆಟದ ಒಳಗಿನ ಡೈರಿ, ಮ್ಯಾಪ್, ವಸ್ತುಗಳ ಕೆಳಗಿನ ಎರಡು ಸಾಲಿನ ವಿವರ, ಎಲ್ಲ ನಿಧಾನವಾಗಿ ಓದುತ್ತೇನೆ. ಮುಕ್ಕಾಲು ಸಲ ಅಲ್ಲೇ ದಾರಿ ಸಿಗುತ್ತದೆ.

ಸ್ಟಾರ್ಡ್ಯೂ ವ್ಯಾಲಿಯಲ್ಲಿ ನಾನು ಬೇರೆ ಥರ ತಪ್ಪು ಮಾಡಿದೆ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. ನಾನು ಅದರ ಮಾಹಿತಿಯೆಲ್ಲ ಇರುವ ವಿಕಿ ಪೂರ್ತಿ ಓದಿ, ಎಕ್ಸೆಲ್ ಶೀಟ್ ಮಾಡಿದೆ. ವಸಂತದ 13ನೇ ತಾರೀಖಿನ ಹಬ್ಬದಲ್ಲಿ ಸ್ಟ್ರಾಬೆರಿ ಬೀಜ ಸಿಗುತ್ತದೆ, ಒಂದಕ್ಕೆ ಆಟದ ದುಡ್ಡಿನಲ್ಲಿ 100, ಅದಕ್ಕಾಗಿ ಮೊದಲಿಂದಲೂ ದುಡ್ಡು ಉಳಿಸಬೇಕು, ಹೀಗೆ. ದುಡ್ಡು ಬಂತು. ಆಫೀಸ್ ಕೆಲಸ ಮುಗಿಸಿ ಮನೆಗೆ ಬಂದು ಇನ್ನೊಂದು ಆಫೀಸ್ ಕೆಲಸ ಮಾಡಿದ ಹಾಗಾಯಿತು.

ನನ್ನ ಹೆಂಡತಿ ಅದೇ ಆಟವನ್ನು ಏನೂ ಓದದೆ ಶುರು ಮಾಡಿದಳು. ಅವಳು ಹಾವೇರಿ ಕಡೆಯವಳು, ತವರಿನಲ್ಲಿ ಹೊಲ ಇದೆ. ವಸಂತದ 22ಕ್ಕೆ ಇದ್ದ ದುಡ್ಡೆಲ್ಲ ಸುರಿದು ಹೂಕೋಸಿನ ಬೀಜ ತಂದಳು. ಆಟದಲ್ಲಿ ಒಂದು ಋತು ಅಂದರೆ 28 ದಿನ, ಹೂಕೋಸಿಗೆ 12 ದಿನ ಬೇಕು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬೇಸಿಗೆಯ ಮೊದಲ ಬೆಳಗ್ಗೆ ಬಾಗಿಲು ತೆಗೆದರೆ ಸಾಲಿಗೆ ಸಾಲೇ ಒಣಗಿ ನಿಂತಿತ್ತು. ಒಂದು ನಿಮಿಷ ನೋಡಿದಳು. "ಹೌದಲ್ಲ, ಹಂಗಾಮು ತಪ್ಪಿಸಿ ಬಿತ್ತಿದರೆ ಇನ್ನೇನಾಗುತ್ತೆ" ಅಂದಳು. ಆವತ್ತಿನಿಂದ ಬೀಜ ಕೊಳ್ಳುವ ಮುಂಚೆ ಅಂಗಡಿ ಹೊರಗಿನ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ. ನನ್ನ ಶೀಟ್‌ನಲ್ಲಿ ಅದು ಬರೀ ಒಂದು ಕಾಲಮ್ ಆಗಿತ್ತು. ಅವಳಿಗೆ ಅದು ಅವಳದೇ ಹೊಲದ ಪಾಠ.

ಹಾಗಂತ ಈಗಲೂ ಏನೂ ನೋಡದೆ ಶುರು ಮಾಡುವುದಿಲ್ಲ. ಮಗು ಮಲಗಿದ ಮೇಲೆ ನನಗೆ ಸಿಗುವುದು ಒಂದು ಗಂಟೆ. ಹಾಗಾಗಿ ಮೊದಲು ನೋಡುವುದು, ಆಟ ನಡುವೆ ನಿಲ್ಲಿಸಬಹುದಾ ಅಂತ. ಎಲ್ಡನ್ ರಿಂಗ್‌ನಲ್ಲಿ ಮೆನು ತೆರೆದರೂ ಆಟ ನಿಲ್ಲುವುದಿಲ್ಲ, ಮಗು ಅತ್ತರೆ ಎದ್ದು ಹೋಗೋದು ಕಷ್ಟ. ಸ್ಟಾರ್ಡ್ಯೂ ಕಂಪ್ಯೂಟರ್‌ನಲ್ಲಿ ಆಡಿದರೆ ಪಾತ್ರ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಇಂಥವು ಮೊದಲೇ ಗೊತ್ತಿದ್ದರೆ ಕತೆಗೆ ಒಂದಿಷ್ಟೂ ನಷ್ಟ ಇಲ್ಲ, ನಿಮ್ಮ ರಾತ್ರಿ ಉಳಿಯುತ್ತದೆ.

ಎರಡನೆಯದು, ಆಮೇಲೆ ಬದಲಿಸಲಾಗದ ಆಯ್ಕೆ ಏನಾದರೂ ಇದೆಯಾ. ಎಲ್ಡನ್ ರಿಂಗ್‌ನಲ್ಲಿ ಪಾತ್ರದ ಶಕ್ತಿಗಳಿಗೆ ಹಾಕಿದ ಅಂಕಗಳನ್ನು ಮುಂದೆ ಮತ್ತೆ ಹಂಚಿಕೊಳ್ಳಬಹುದು. ಇದೊಂದು ಮಾತು ಗೊತ್ತಿದ್ದಿದ್ದರೆ ಆ ರಾತ್ರಿ ನಾನು ಕ್ಲಾಸ್ ವಿಡಿಯೋಗಳನ್ನು ಮುಟ್ಟುತ್ತಲೇ ಇರಲಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ, ಬಟನ್‌ಗಳು ನೋಡಿಕೊಳ್ಳುತ್ತೇನೆ. ಆಟ ಮಾಡಿದವರೇ ಬರೆದ ಒಂದೆರಡು ಸಾಲಿನ ಪರಿಚಯ ಓದುತ್ತೇನೆ. ಟ್ರೇಲರ್ ನೋಡುವುದಿಲ್ಲ, ಈಗಿನ ಟ್ರೇಲರ್‌ಗಳಲ್ಲಿ ಜಾಸ್ತಿ ತೋರಿಸಿಬಿಡುತ್ತಾರೆ. ಮುಗಿಸಿದವರು ಯಾರಾದರೂ ಸಿಕ್ಕರೆ ಒಂದೇ ಪ್ರಶ್ನೆ: ಕತೆ ಹೇಳದೆ, ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದೇನು? ಎಲ್ಲ ಸೇರಿ ಹತ್ತು ನಿಮಿಷ.

ತಂಡ ಕಟ್ಟಿಕೊಂಡು ಆನ್‌ಲೈನ್‌ನಲ್ಲಿ ಆಡುವ ಡೋಟಾ 2 ಥರದ ಆಟಗಳ ಮಾತೇ ಬೇರೆ. ಅಲ್ಲಿ 120ಕ್ಕೂ ಜಾಸ್ತಿ ಹೀರೋಗಳು, ಜೊತೆಗೆ ಆಡುವವರು ಇನ್ನೂ ನಾಲ್ಕು ಜನ. ನಾನು ಕಲಿಯದೆ ಹೋದರೆ ಹಾಳಾಗುವುದು ಅವರ ಮುಕ್ಕಾಲು ಗಂಟೆ. ಅಲ್ಲಿ ಎಷ್ಟು ಓದಿದರೂ ಜಾಸ್ತಿ ಆಗಲಿಲ್ಲ.

ಹೋದ ತಿಂಗಳು ಹೆಂಡತಿ ಔಟರ್ ವೈಲ್ಡ್ಸ್ ಶುರು ಮಾಡಿದಳು. ನಾನು ಹೇಳಿದ್ದು ಬಟನ್‌ಗಳು ಮತ್ತು ನೌಕೆಯ ಕಂಪ್ಯೂಟರ್ ಎಲ್ಲಿದೆ ಅನ್ನುವುದು, ಅಷ್ಟೇ. ಮೊನ್ನೆ ಅವಳು ಆಟದಲ್ಲಿ ಸಿಗುವ ಸದ್ದು ಕೇಳುವ ದುರ್ಬೀನನ್ನು ಸುಮ್ನೆ ಆಕಾಶಕ್ಕೆ ಹಿಡಿದು ತಿರುಗಿಸುತ್ತಿದ್ದಳು. ಎಲ್ಲೋ ದೂರದಿಂದ ಬ್ಯಾಂಜೋ ಕೇಳಿಸಿತು. ಇನ್ನೊಂಚೂರು ತಿರುಗಿಸಿದರೆ ಕೊಳಲು.

"ರೀ, ಅಲ್ಲಿ ಯಾರೋ ಬಾರಿಸ್ತಿದ್ದಾರೆ. ಯಾರದು?"

"ಹೋಗಿ ನೋಡು" ಅಂದೆ. ಅವಳು ಆಗಲೇ ನೌಕೆ ಹತ್ತುತ್ತಿದ್ದಳು.